ಮನೆಗೆ ಹೊರಟ ರೋಗಿಯ ಔಷಧಿ ಚೀಟಿ: ವಾರ್ಡಿನಲ್ಲಿ ಯಾವ ಕೆಲಸ ಯಾವಾಗ, ಯಾರಿಂದ ಆಗಬೇಕು

ಮಲೆನಾಡಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನರ್ಸ್‌ಗಳು, ಫಾರ್ಮಸಿಸ್ಟ್‌ಗಳು ಮತ್ತು ಕಿರಿಯ ವೈದ್ಯರು ನನ್ನಲ್ಲಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಔಷಧಿ ಹೊಂದಾಣಿಕೆಯ, ಅಂದರೆ ಮನೆಯ ಔಷಧಿಗಳನ್ನೂ ಆಸ್ಪತ್ರೆಯ ಔಷಧಿಗಳನ್ನೂ ತಾಳೆ ನೋಡುವ ನಮೂನೆಯನ್ನು ಅಚ್ಚು ಹಾಕಿಸಿದ್ದೇವೆ, ಪ್ರತಿ ಡಿಸ್ಚಾರ್ಜ್‌ಗೂ ತಪ್ಪದೆ ತುಂಬುತ್ತಿದ್ದೇವೆ, ವೈದ್ಯರ ಸಹಿಯೂ ಇದೆ. ಹೀಗಿದ್ದೂ ಮನೆಗೆ ಹೋದ ರೋಗಿ ಹತ್ತು ದಿನದಲ್ಲಿ ತಲೆಸುತ್ತಿ ಬಿದ್ದು ಮರಳಿ ಬರುತ್ತಾರೆ, ಚೀಲ ಬಿಚ್ಚಿ ನೋಡಿದರೆ ಒಂದೇ ಕಾಯಿಲೆಗೆ ಎರಡು ಬಗೆಯ ಮಾತ್ರೆ ನುಂಗುತ್ತಿದ್ದರೆಂದು ತಿಳಿಯುತ್ತದೆ. ಇದು ಏಕೆ ನಿಲ್ಲುತ್ತಿಲ್ಲ ಎಂಬುದೇ ಆ ಪ್ರಶ್ನೆ.

ಬಹುಪಾಲು ಕಡೆ ನಮೂನೆ ಚೆನ್ನಾಗಿಯೇ ಇರುತ್ತದೆ, ಅದನ್ನು ತುಂಬುವ ಹೊತ್ತು ತಪ್ಪಾಗಿರುತ್ತದೆ. ಬಿಲ್ ಚುಕ್ತಾ ಆಗಿ, ಹಾಸಿಗೆ ಖಾಲಿ ಮಾಡಲು ಇನ್ನೊಬ್ಬ ರೋಗಿ ಕಾಯುತ್ತಿರುವಾಗ, ಆಗುಂಬೆ ಕಡೆಗೋ ನಗರದ ಕಡೆಗೋ ಹೋಗುವ ಸಂಜೆಯ ಬಸ್ಸು ತಪ್ಪಿದರೆ ಏನು ಗತಿ ಎಂದು ಮನೆಯವರು ಚಡಪಡಿಸುತ್ತಿರುವಾಗ, ಆ ಕೊನೆಯ ಅರ್ಧ ಗಂಟೆಯಲ್ಲಿ ಡ್ರಗ್ ಚಾರ್ಟನ್ನು ನೋಡಿ ನಕಲು ಮಾಡಿದ ಪಟ್ಟಿಯೇ ಡಿಸ್ಚಾರ್ಜ್ ಚೀಟಿಯಾಗುತ್ತದೆ. ಆ ಪಟ್ಟಿಯಲ್ಲಿ ವಾರ್ಡಿನ ಔಷಧಿಗಳಿರುತ್ತವೆ. ರೋಗಿಯ ಮನೆಯ ಗೂಡಿನಲ್ಲಿ ಮೊದಲಿನಿಂದ ಇರುವ ಔಷಧಿಗಳ ಬಗ್ಗೆ ಒಂದಕ್ಷರವೂ ಇರುವುದಿಲ್ಲ.

ನಾನೇ ಹಿಂದೆ ಕೆಲಸ ಮಾಡಿದ ಒಂದು ವಾರ್ಡಿನಲ್ಲಿ ಹೀಗಾಯಿತು. ಹೊಸನಗರದ ಕಡೆಯ ಒಬ್ಬ ಅಜ್ಜಿ ಮನೆಯಲ್ಲಿ ಬಿ.ಪಿ.ಗೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಿದ್ದರು. ಆ ವಾರ ಅದು ದಾಸ್ತಾನಿನಲ್ಲಿ ಇರಲಿಲ್ಲವಾದ್ದರಿಂದ ಅದೇ ಗುಂಪಿನ ಲೊಸಾರ್ಟಾನ್ ಕೊಟ್ಟೆವು, ಚೀಟಿಯಲ್ಲೂ ಅದನ್ನೇ ಬರೆದೆವು. ಅಕ್ಷರ ಸ್ಫುಟವಾಗಿತ್ತು, ಪ್ರಮಾಣ ಸರಿಯಾಗಿತ್ತು, ಚೀಟಿಯನ್ನು ಕೈಗಿತ್ತವಳು ನಾನೇ. ಅಜ್ಜಿ ಮನೆಗೆ ಹೋಗಿ ಎರಡನ್ನೂ ತೆಗೆದುಕೊಂಡರು. ಬಿ.ಪಿ. ಕುಸಿದು, ಮೂತ್ರಪಿಂಡಕ್ಕೆ ಪೆಟ್ಟಾಗಿ ಮತ್ತೆ ಬಂದರು. ಆ ಚೀಟಿಯಲ್ಲಿ ಇಲ್ಲದೆ ಹೋದದ್ದು ಒಂದೇ ಸಾಲು: ಮನೆಯಲ್ಲಿರುವ ಟೆಲ್ಮಿಸಾರ್ಟಾನ್ ಇನ್ನು ತೆಗೆದುಕೊಳ್ಳಬೇಡಿ. ಮುಂದಿನ ಹಂತಗಳೆಲ್ಲವೂ ಆ ಒಂದು ಸಾಲು ತಪ್ಪದೆ ಬರುವಂತೆ ಮಾಡುವುದಕ್ಕಾಗಿ ಇವೆ.

## ಮೊದಲು ಸಿದ್ಧವಾಗಿರಬೇಕಾದವು

ಒಂದು ಹಾಳೆಯ ಹೊಂದಾಣಿಕೆ ಪಟ್ಟಿ ಬೇಕು. ಅದು ಕೇಸ್ ಶೀಟಿನ ಕೊನೆಗೆ ಸೇರದೆ ಮೊದಲ ಪುಟವಾಗಿಯೇ ಇರಬೇಕು. ಅದರಲ್ಲಿ ಆರು ಕಾಲಂ ಸಾಕು: ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಔಷಧಿ, ಅದರ ಪ್ರಮಾಣ ಮತ್ತು ಹೊತ್ತು, ಕೊನೆಯದಾಗಿ ತೆಗೆದುಕೊಂಡದ್ದು ಯಾವಾಗ, ವಾರ್ಡಿನಲ್ಲಿ ಅದಕ್ಕೆ ಏನಾಯಿತು, ಏಕೆ, ಮನೆಗೆ ಹೋಗುವಾಗಿನ ತೀರ್ಮಾನ. ವಾರ್ಡಿನಲ್ಲಿ ಹೊಸದಾಗಿ ಶುರುವಾದ ಔಷಧಿಗಳಿಗೆ ಅದೇ ಹಾಳೆಯ ಕೆಳಭಾಗದಲ್ಲಿ ಜಾಗವಿರಲಿ. ಹಾಳೆ ಎರಡಾದರೆ ಒಂದು ಕಳೆಯುತ್ತದೆ.

ಇದರೊಡನೆ ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಕವರುಗಳು, ಕೆಂಪು ಮಾರ್ಕರ್, ದೊಡ್ಡ ಅಂಕಿಗಳ ಕ್ಯಾಲೆಂಡರಿನ ಪ್ರತಿಗಳು, ವಾರ್ಡಿನ ಫೋನ್ ಸಂಖ್ಯೆ ಅಚ್ಚಾದ ಚೀಟಿ ಹಾಗೂ ಕುಳಿತು ಮಾತಾಡಲು ಒಂದು ಮೇಜು ಬೇಕಾಗುತ್ತದೆ. ಕವರನ್ನು ಅಲಂಕಾರಕ್ಕೆಂದು ಹೇಳುತ್ತಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಮಳೆಯಲ್ಲಿ ಜೇಬಿನಲ್ಲಿಟ್ಟ ಕಾಗದ ಮನೆ ತಲುಪುವಷ್ಟರಲ್ಲಿ ಶಾಯಿ ಹರಡಿ ಓದಲಾಗದಂತಾಗಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಪಾಳಿಯಲ್ಲಿ ಈ ಹಾಳೆಗೆ ಒಬ್ಬರು ಹೊಣೆಗಾರರಿರಬೇಕು ಮತ್ತು ಅವರ ಹೆಸರು ಡ್ಯೂಟಿ ಪಟ್ಟಿಯಲ್ಲಿ ಬರೆದಿರಬೇಕು. ಎಲ್ಲರೂ ಮಾಡಬೇಕಾದ ಕೆಲಸವೆಂದು ಬಿಟ್ಟರೆ ನರ್ಸ್ ಅದನ್ನು ಹೌಸ್ ಸರ್ಜನ್ (ತರಬೇತಿಯಲ್ಲಿರುವ ಕಿರಿಯ ವೈದ್ಯರು) ಮಾಡುತ್ತಾರೆಂದೂ, ಹೌಸ್ ಸರ್ಜನ್ ಅದನ್ನು ಫಾರ್ಮಸಿಯವರು ನೋಡುತ್ತಾರೆಂದೂ ನಂಬಿಕೊಂಡಿರುತ್ತಾರೆ.

## ಹಂತ 1: ದಾಖಲಾದ 24 ಗಂಟೆಯೊಳಗೆ ಮನೆಯ ಮದ್ದಿನ ಪಟ್ಟಿ

ಡಿಸ್ಚಾರ್ಜ್ ಚೀಟಿಯ ಕೆಲಸ ಇಲ್ಲಿಂದ ಶುರುವಾಗುತ್ತದೆ. ರೋಗಿ ಏನೇನು ತೆಗೆದುಕೊಳ್ಳುತ್ತಿದ್ದರೆಂಬುದನ್ನು ಕನಿಷ್ಠ ಎರಡು ಮೂಲಗಳಿಂದ ತಿಳಿಯಬೇಕು. ರೋಗಿಯ ಮಾತು ಒಂದು ಮೂಲ. ಮನೆಯಿಂದ ತಂದ ಮಾತ್ರೆಯ ಶೀಟುಗಳು, ಹಳೆಯ ಚೀಟಿ, ಸಾಮಾನ್ಯವಾಗಿ ಔಷಧಿ ಕೊಳ್ಳುವ ಮೆಡಿಕಲ್ ಶಾಪು, ಪ್ರಾಥಮಿಕ ಆರೋಗ್ಯ ಕೇಂದ್ರದ ದಾಖಲೆ, ಇವುಗಳಲ್ಲಿ ಯಾವುದಾದರೂ ಇನ್ನೊಂದು.

ತುರ್ತಿನಲ್ಲಿ 108ರಲ್ಲಿ ಬಂದವರು ಮದ್ದಿನ ಚೀಲ ತಂದಿರುವುದಿಲ್ಲ. ಆಗ ಮನೆಗೆ ಫೋನ್ ಮಾಡಿ, ಮನೆಯಲ್ಲಿರುವವರಿಂದ ಎಲ್ಲ ಶೀಟುಗಳನ್ನು ಚಾಪೆಯ ಮೇಲೆ ಹರಡಿಸಿ, ಹೆಸರು ಕಾಣುವಂತೆ ಹಿಂಬದಿಯ ಫೋಟೋ ತರಿಸಿಕೊಳ್ಳಬೇಕು. ನೆಟ್‌ವರ್ಕ್ ಸಿಗದ ಊರಾದರೆ ಮರುದಿನ ರೋಗಿಯನ್ನು ನೋಡಲು ಬರುವವರು ಚೀಲವನ್ನೇ ತರಲಿ ಎಂದು ಹೇಳಿ ಕಳಿಸಬೇಕು, ಮತ್ತು ಹಾಳೆಯ ಮೇಲೆ "ಚೀಲ ಬರಬೇಕಾಗಿದೆ" ಎಂದು ಬರೆದಿಡಬೇಕು.

"ಯಾವ ಔಷಧಿ ತಗೊಳ್ತೀರಿ?" ಎಂಬ ಒಂದೇ ಪ್ರಶ್ನೆಗೆ ಸಿಗುವ ಉತ್ತರ ಯಾವಾಗಲೂ ಅರ್ಧ. ಇನ್ಸುಲಿನ್ ಇಂಜೆಕ್ಷನ್ ಆದ್ದರಿಂದ, ಇನ್‌ಹೇಲರ್ ಎಳೆದುಕೊಳ್ಳುವುದಾದ್ದರಿಂದ, ಕಣ್ಣಿನ ಹನಿ ಹನಿಯಾದ್ದರಿಂದ ಅವನ್ನು ಔಷಧಿಯೆಂದು ಹೇಳದವರು ಬಹಳ. ಒಂದೊಂದನ್ನೂ ಹೆಸರು ಹಿಡಿದೇ ಕೇಳಬೇಕು: ನಿದ್ದೆಯ ಮಾತ್ರೆ ಇದೆಯೇ, ತೋಟದ ಕೆಲಸ ಮಾಡಿದ ದಿನ ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತರಿಸಿಕೊಳ್ಳುತ್ತೀರಾ, ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವುದು ಏನಾದರೂ ಇದೆಯೇ. ನಾಟಿ ಔಷಧಿಯ ಬಗ್ಗೆ ಕೇಳುವಾಗ ದನಿಯಲ್ಲಿ ಆಕ್ಷೇಪ ಇಣುಕಬಾರದು. ಮಲೆನಾಡಿನ ಮನೆಗಳಲ್ಲಿ ಕಾಮಾಲೆಗೆ, ಕಲ್ಲಿಗೆ, ಸಕ್ಕರೆ ಕಾಯಿಲೆಗೆ ಕಷಾಯ ಅಥವಾ ಪುಡಿ ತೆಗೆದುಕೊಳ್ಳುವುದು ಸಹಜ. ಗದರಿಸಿದರೆ ಆ ಮಾಹಿತಿ ಮತ್ತೆಂದೂ ಸಿಗದು.

## ಹಂತ 2: ವಾರ್ಡಿನಲ್ಲಿ ಬದಲಾಯಿಸಿದ ದಿನವೇ ಕಾರಣ

ಮನೆಯ ಔಷಧಿಯನ್ನು ತಡೆಹಿಡಿದಾಗ ಅಥವಾ ಬದಲಿಸಿದಾಗ ಅದರ ಕಾರಣವನ್ನೂ ಎಲ್ಲಿಯವರೆಗೆ ಎಂಬುದನ್ನೂ ಅಂದೇ ಬರೆಯಬೇಕು. "ಕ್ರಿಯಾಟಿನಿನ್ ಹೆಚ್ಚಿದ್ದರಿಂದ ಮೆಟ್‌ಫಾರ್ಮಿನ್ ತಡೆ, ಇಳಿದ ಮೇಲೆ ಪರಿಶೀಲನೆ" ಎಂಬ ಸಾಲು (ಕ್ರಿಯಾಟಿನಿನ್ ಮೂತ್ರಪಿಂಡದ ಸ್ಥಿತಿ ತೋರಿಸುವ ರಕ್ತಪರೀಕ್ಷೆ, ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಯ ಮಾತ್ರೆ) ಬರೆಯಲು ಹತ್ತು ಸೆಕೆಂಡು ಸಾಕು. ಐದು ದಿನದ ಬಳಿಕ, ಅಂದು ಡ್ಯೂಟಿಯಲ್ಲಿದ್ದ ವೈದ್ಯರು ಬೇರೆ ಘಟಕಕ್ಕೆ ಹೋಗಿರುವಾಗ, ಅದೇ ಕಾರಣವನ್ನು ಹುಡುಕಲು ಅರ್ಧ ಗಂಟೆ ಹಿಡಿಯುತ್ತದೆ.

## ಹಂತ 3: ಡಿಸ್ಚಾರ್ಜ್‌ನ ಹಿಂದಿನ ದಿನ, ಒಂದೊಂದು ಔಷಧಿಗೂ ತೀರ್ಮಾನ

ಇಡೀ ಕೆಲಸದ ತಿರುಳು ಇದೇ ಹಂತ. ನಾಳೆ ಮನೆಗೆ ಕಳಿಸಬಹುದೆಂದು ರೌಂಡ್ಸ್‌ನಲ್ಲಿ ಹೇಳಿದ ದಿನ ಮಧ್ಯಾಹ್ನವೇ ವೈದ್ಯರು ಹೊಂದಾಣಿಕೆ ಪಟ್ಟಿಯನ್ನೂ ಡ್ರಗ್ ಚಾರ್ಟನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕೂರಬೇಕು. ಎರಡರಲ್ಲೂ ಇರುವ ಪ್ರತಿಯೊಂದು ಔಷಧಿಯ ಮುಂದೆ ನಾಲ್ಕರಲ್ಲಿ ಒಂದು ಪದ ಬೀಳಬೇಕು: ಮುಂದುವರಿಕೆ, ಬದಲಾವಣೆ, ನಿಲುಗಡೆ, ಹೊಸದು. ಖಾಲಿ ಬಿಟ್ಟ ಸಾಲು ಒಂದಿದ್ದರೂ ಚೀಟಿ ಬರೆಯಲು ಶುರು ಮಾಡಬಾರದು.

ನಿಲುಗಡೆಯ ಬಗ್ಗೆ ಹೆಚ್ಚು ಹೊತ್ತು ಕೊಡಿ. ಬದಲಾವಣೆ ಎಂದು ಬರೆದ ಪ್ರತಿ ಸಾಲಿನೊಳಗೂ ಒಂದು ನಿಲುಗಡೆ ಅಡಗಿದೆ: ಟೆಲ್ಮಿಸಾರ್ಟಾನ್ ಹೋಗಿ ಲೊಸಾರ್ಟಾನ್ ಬಂದರೆ ಮೊದಲನೆಯದನ್ನು ನಿಲ್ಲಿಸಲು ಹೇಳಲೇಬೇಕು. ದಾಸ್ತಾನಿನ ಕೊರತೆಯಿಂದ ಬದಲಿಸಿದ್ದಾದರೆ ರೋಗಿಯನ್ನು ಮನೆಯ ಹಳೆಯ ಔಷಧಿಗೇ ಮರಳಿಸುವುದು ಸಾಮಾನ್ಯವಾಗಿ ಒಳ್ಳೆಯದೆಂದು ನನ್ನ ಅನಿಸಿಕೆ. ಅವರಿಗೆ ಅದರ ಬಣ್ಣ, ಆಕಾರ, ಹೊತ್ತು ಎಲ್ಲವೂ ರೂಢಿಯಾಗಿರುತ್ತದೆ, ಮನೆಯಲ್ಲಿ ಉಳಿದ ಶೀಟುಗಳೂ ದಂಡವಾಗುವುದಿಲ್ಲ.

ವಾರ್ಡಿನಲ್ಲಿ ಶುರುವಾದ ಔಷಧಿಗಳಲ್ಲೂ ಮನೆಗೆ ಹೋಗಬಾರದವು ಇರುತ್ತವೆ. ಹೊಟ್ಟೆಯ ಉರಿಗೆಂದು, ಬಹುತೇಕ ರೂಢಿಯಿಂದ ಕೊಟ್ಟ ಪ್ಯಾಂಟೊಪ್ರಜೋಲ್ ಇದಕ್ಕೆ ಅತಿ ಸಾಮಾನ್ಯ ಉದಾಹರಣೆ. ನಿರ್ದಿಷ್ಟ ಕಾರಣವಿಲ್ಲದೆ ಚೀಟಿಗೆ ಸೇರಿದ ಅದು ವರ್ಷಗಟ್ಟಲೆ ಮುಂದುವರಿಯುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ನಿದ್ದೆ ಬರಲಿಲ್ಲವೆಂದು ಕೊಟ್ಟ ನಿದ್ದೆಯ ಮಾತ್ರೆಯೂ ಹಾಗೆಯೇ. ಸೋಂಕಿನ ಸಮಯದಲ್ಲಿ ಅಥವಾ ಸ್ಟೀರಾಯ್ಡ್ ಕೊಟ್ಟಾಗ ಏರಿದ ಸಕ್ಕರೆಗೆಂದು ಶುರು ಮಾಡಿದ ಇನ್ಸುಲಿನ್ ಇನ್ನೂ ಅದೇ ಪ್ರಮಾಣದಲ್ಲಿ ಬೇಕೇ ಎಂಬುದನ್ನು ತೀರ್ಮಾನಿಸದೆ ಕಳಿಸಿದರೆ, ಸೋಂಕು ಇಳಿದಂತೆ ಮನೆಯಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಇದಕ್ಕೆ ವಿರುದ್ಧವಾದ ತಪ್ಪು ಮತ್ತೆ ಶುರು ಮಾಡುವುದನ್ನು ಮರೆಯುವುದು. ಶಸ್ತ್ರಚಿಕಿತ್ಸೆಗಾಗಿ ನಿಲ್ಲಿಸಿದ್ದ ರಕ್ತ ತೆಳುವಾಗಿಸುವ ಔಷಧಿ, ವಾಂತಿ ಇದ್ದಾಗ ತಡೆದ ಥೈರಾಯ್ಡ್ ಮಾತ್ರೆ, ಹೆಸರು ಗೊತ್ತಾಗದೆ ಬಿಟ್ಟುಹೋದ ಮೂರ್ಛೆರೋಗದ ಮಾತ್ರೆ, ಇವು ಚೀಟಿಯಲ್ಲಿ ಕಾಣದಿದ್ದರೆ ರೋಗಿ ಅವನ್ನು "ಡಾಕ್ಟರೇ ನಿಲ್ಲಿಸಿದರು" ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಈ ರೀತಿ ತಪ್ಪಿಹೋದರೆ ಸ್ಟೆಂಟ್ ಮುಚ್ಚಿಕೊಂಡು ಜೀವಕ್ಕೇ ಕುತ್ತಾಗಬಹುದು. ತಡೆಹಿಡಿದ ಔಷಧಿಯ ಮುಂದೆ ಯಾವ ದಿನಾಂಕದಿಂದ ಮತ್ತೆ ಶುರು, ಅಥವಾ ಯಾರು ಯಾವಾಗ ತೀರ್ಮಾನಿಸುತ್ತಾರೆ ಎಂಬುದು ಇರಲೇಬೇಕು.

ಈ ಹಂತವನ್ನು ಹಿಂದಿನ ದಿನ ಮಾಡುವುದು ಸಾಧ್ಯವಿಲ್ಲ, ಡಿಸ್ಚಾರ್ಜ್ ಯಾವಾಗಲೂ ಹಠಾತ್ತಾಗಿ ನಿರ್ಧಾರವಾಗುತ್ತದೆ ಎಂದು ಹಲವರು ಹೇಳುತ್ತಾರೆ. ಕೆಲವು ಡಿಸ್ಚಾರ್ಜ್‌ಗಳು ನಿಜಕ್ಕೂ ಹಾಗಿರುತ್ತವೆ. ಅಂಥ ದಿನ ಚೀಟಿ ಬರೆಯುವುದಕ್ಕೆ ಮೊದಲು ಬಿಲ್ ಕಳಿಸಬೇಡಿ, ಅಷ್ಟು ಮಾಡಿದರೂ ಸಾಕು. ಬಿಲ್ ಕಟ್ಟಿದ ಮೇಲೆ ರೋಗಿಯ ಮನಸ್ಸು ಆಸ್ಪತ್ರೆಯಲ್ಲಿ ಇರುವುದಿಲ್ಲ.

## ಹಂತ 4: ಚೀಟಿ ಬರೆಯುವುದು

ಔಷಧಿಯ ಜನೆರಿಕ್ ಹೆಸರನ್ನು, ಅಂದರೆ ಕಂಪನಿ ಇಟ್ಟ ಹೆಸರಲ್ಲದೆ ಮದ್ದಿನ ಮೂಲ ಹೆಸರನ್ನು, ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂಬುದು 2016ರಲ್ಲಿ ತಿದ್ದುಪಡಿಯಾದ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಿಯಮದಲ್ಲೇ ಇದೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಪ್ರಯೋಜನವೂ ಇದೆ. ರೋಗಿ ಒಂದು ತಿಂಗಳು ಜನೌಷಧಿ ಕೇಂದ್ರದಲ್ಲಿ, ಮುಂದಿನ ತಿಂಗಳು ಊರಿನ ಮೆಡಿಕಲ್ ಶಾಪಿನಲ್ಲಿ, ಅದರ ಮುಂದಿನ ತಿಂಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿ ಪಡೆಯುತ್ತಾರೆ. ಮೂರೂ ಕಡೆ ಶೀಟಿನ ಬಣ್ಣ ಬೇರೆ, ಕಂಪನಿಯ ಹೆಸರು ಬೇರೆ. ಜನೆರಿಕ್ ಹೆಸರೊಂದೇ ಅವನ್ನು ಕಟ್ಟಿಡುವ ದಾರ.

ಅಂಗಡಿಗೂ ಮುಂದಿನ ವೈದ್ಯರಿಗೂ ಬೇಕಾದ ಚೀಟಿಯ ಜೊತೆಗೆ ರೋಗಿಗೆಂದೇ ಕನ್ನಡದ ಪ್ರತಿಯೊಂದಿರಬೇಕು. ಅದರಲ್ಲಿ 1-0-1 ಎಂದಷ್ಟೇ ಬರೆಯದೆ "ಬೆಳಿಗ್ಗೆ ತಿಂಡಿಯ ನಂತರ 1, ರಾತ್ರಿ ಊಟದ ನಂತರ 1" ಎಂದು ಬರೆಯಿರಿ. ಪ್ರತಿ ಔಷಧಿಯ ಪಕ್ಕ ಅದು ಯಾವುದಕ್ಕೆ ಎಂಬುದಿರಲಿ: ಬಿ.ಪಿ.ಗೆ, ಸಕ್ಕರೆಗೆ, ಕಾಲಿನ ಊತಕ್ಕೆ. ಕಾರಣ ಗೊತ್ತಿರುವ ರೋಗಿ ಎರಡು ಶೀಟುಗಳ ಮೇಲೆ ಒಂದೇ ಕಾರಣ ಕಂಡಾಗ ತಾನೇ ನಿಂತು ಕೇಳುತ್ತಾರೆ.

ದಿನಗಳ ಲೆಕ್ಕಕ್ಕಿಂತ ದಿನಾಂಕ ವಾಸಿ. ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ 7 ದಿನ ಎಂದು ನಿರ್ಧರಿಸಿ, 4 ದಿನ ವಾರ್ಡಿನಲ್ಲೇ ಕೊಟ್ಟಿದ್ದರೆ, ಚೀಟಿಯಲ್ಲಿ 7 ದಿನ ಎಂದೇ ನಕಲಾದಾಗ ಒಟ್ಟು 11 ದಿನವಾಗುತ್ತದೆ. ಕೊನೆಯ ಮಾತ್ರೆ ಯಾವ ದಿನಾಂಕದ ಯಾವ ಹೊತ್ತಿನದೆಂದು ಬರೆಯಿರಿ. ಪ್ರೆಡ್ನಿಸೊಲೋನ್‌ನಂತೆ ಹಂತಹಂತವಾಗಿ ಇಳಿಸುವ ಸ್ಟೀರಾಯ್ಡ್ ಔಷಧಿಯಾದರೆ ಕ್ಯಾಲೆಂಡರಿನ ಪ್ರತಿಯ ಮೇಲೆ ಪ್ರತಿ ದಿನದ ಚೌಕದಲ್ಲೂ ಮಾತ್ರೆಯ ಸಂಖ್ಯೆಯನ್ನು ಬರೆದುಕೊಡಿ.

ಅಂಕಿಗಳ ವಿಷಯದಲ್ಲಿ ಪ್ರಾಣಕ್ಕೆ ಸಂಚಕಾರ ತರುವ ತಪ್ಪುಗಳಿವೆ. ಅರ್ಧವನ್ನು ಬಿಂದುವಿನ ಹಿಂದೆ ಸೊನ್ನೆ ಹಾಕಿ 0.5 ಎಂದೇ ಬರೆಯಬೇಕು, ಇಲ್ಲವಾದರೆ ಬಿಂದು ಮಾಸಿ 5 ಆಗುತ್ತದೆ, ಐದನ್ನು 5.0 ಎಂದು ಬರೆಯಬಾರದು, ಅದು 50 ಎಂದು ಕಾಣುತ್ತದೆ. ಯೂನಿಟ್, ಮೈಕ್ರೋಗ್ರಾಂ ಎಂಬ ಪದಗಳನ್ನು ಮೊಟಕು ಮಾಡದೆ ಪೂರ್ತಿ ಬರೆಯಿರಿ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಔಷಧಿ; "ಪ್ರತಿ ಭಾನುವಾರ ಮಾತ್ರ, ಬೇರೆ ದಿನ ಬೇಡ" ಎಂದು ವಾರದ ಹೆಸರು ಹಿಡಿದು ಬರೆಯಬೇಕು, ಏಕೆಂದರೆ ದಿನವೂ ತೆಗೆದುಕೊಂಡವರು ಸತ್ತಿರುವುದುಂಟು. ನೋವು ಬಂದಾಗ ತೆಗೆದುಕೊಳ್ಳುವ ಪ್ಯಾರಾಸಿಟಮಾಲ್‌ಗೆ ಎಷ್ಟು ಗಂಟೆಗಳ ಅಂತರ, ದಿನಕ್ಕೆ ಗರಿಷ್ಠ ಎಷ್ಟು ಎಂಬುದಿರಲಿ. ಅಂಗಡಿಯ ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆಂದು ಬಾಯಲ್ಲೂ ಹೇಳಿ.

ಚೀಟಿಯ ಕೊನೆಗೆ, ಮಿಕ್ಕ ಪಟ್ಟಿಯಿಂದ ಪ್ರತ್ಯೇಕವಾಗಿ ಗೆರೆ ಎಳೆದ ಚೌಕದಲ್ಲಿ, "ಇವುಗಳನ್ನು ಇನ್ನು ತೆಗೆದುಕೊಳ್ಳಬೇಡಿ" ಎಂಬ ಶೀರ್ಷಿಕೆಯಡಿ ನಿಲ್ಲಿಸಿದ ಔಷಧಿಗಳ ಹೆಸರು ಮತ್ತು ಕಾರಣ ಬರಬೇಕು. ನಿಲ್ಲಿಸಿದ್ದು ಯಾವುದೂ ಇಲ್ಲವಾದರೆ "ಯಾವುದನ್ನೂ ನಿಲ್ಲಿಸಿಲ್ಲ" ಎಂದೇ ಬರೆಯಿರಿ. ಖಾಲಿ ಚೌಕ ಕಂಡರೆ ಅದು ತೀರ್ಮಾನವೋ ಮರೆವೋ ಎಂದು ಯಾರಿಗೂ ತಿಳಿಯದು.

## ಹಂತ 5: ಬರೆಯದಿದ್ದವರಿಂದ ತಪಾಸಣೆ

ಬರೆದ ಕಣ್ಣಿಗೆ ಬರೆದ ತಪ್ಪು ಕಾಣುವುದಿಲ್ಲ. ಫಾರ್ಮಸಿಸ್ಟ್ ಇದ್ದರೆ ಅವರು, ಇಲ್ಲದಿದ್ದರೆ ಚೀಟಿ ಬರೆಯದ ಇನ್ನೊಬ್ಬ ವೈದ್ಯರು ಅಥವಾ ಹಿರಿಯ ನರ್ಸ್ ಅದನ್ನು ಹೊಂದಾಣಿಕೆ ಪಟ್ಟಿಯೊಡನೆ ಸಾಲು ಸಾಲಾಗಿ ತಾಳೆ ನೋಡಬೇಕು. ಈ ಕೆಳಗಿನವು ಕಂಡರೆ ಚೀಟಿಯನ್ನು ಹಿಂದಿರುಗಿಸಲೇಬೇಕು.

ಒಂದೇ ಗುಂಪಿನ ಎರಡು ಔಷಧಿಗಳು. ಕಾಯಿಲೆಯ ಪಟ್ಟಿಯಲ್ಲಿ ಕಾರಣವೇ ಸಿಗದ ಔಷಧಿ. ವಯಸ್ಸಾದವರಿಗೆ ಐದಕ್ಕೂ ಹೆಚ್ಚು ಔಷಧಿಗಳಿದ್ದು ಇತ್ತೀಚಿನ ಕ್ರಿಯಾಟಿನಿನ್ ವರದಿ ಇಲ್ಲದಿರುವುದು. ಬಿ.ಪಿ.ಯ ಟೆಲ್ಮಿಸಾರ್ಟಾನ್ ಅಥವಾ ಎನಲಾಪ್ರಿಲ್, ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಸೇರಿದರೆ ಮೂತ್ರಪಿಂಡ ಕೈಕೊಡುವ ಸಂಭವ ಬಹಳ. ಮೂರನೆಯದು ಚೀಟಿಯಲ್ಲಿ ಇಲ್ಲದಿದ್ದರೂ ಹಂತ 1ರ ಪಟ್ಟಿಯಲ್ಲಿ ಅಂಗಡಿಯ ಮಾತ್ರೆಯಾಗಿ ಕಾಣಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತೆಗೆದುಕೊಳ್ಳುವವರಿಗೆ ಸೋಂಕಿನ ಔಷಧಿಗಳಾದ ಮೆಟ್ರೊನಿಡಜೋಲ್ ಅಥವಾ ಕೊಟ್ರಿಮಾಕ್ಸಜೋಲ್ ಬರೆದಿದ್ದರೆ ರಕ್ತಸ್ರಾವದ ಅಪಾಯವಿದೆ, ಮತ್ತು ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐ.ಎನ್.ಆರ್. ಪರೀಕ್ಷೆಯ ಮುಂದಿನ ದಿನಾಂಕವಿಲ್ಲದೆ ಅಂಥವರನ್ನು ಕಳಿಸಲೇಬಾರದು.

ಮಂಗನ ಕಾಯಿಲೆಯಿಂದ ಚೇತರಿಸಿಕೊಂಡು ಹೊರಟವರ ಚೀಟಿಯನ್ನು ಡಿಸೆಂಬರಿನಿಂದ ಮೇವರೆಗಿನ ಕಾಲದಲ್ಲಿ ವಿಶೇಷವಾಗಿ ನೋಡಬೇಕು. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡವೆಂಬ ಸಾಲು ಅದರಲ್ಲಿರಬೇಕು. ಕೆಲವರಲ್ಲಿ ಒಂದೆರಡು ವಾರ ಜ್ವರವಿಲ್ಲದೆ ಇದ್ದು ಮತ್ತೆ ಜ್ವರ, ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಕೈನಡುಕ ಅಥವಾ ಗೊಂದಲ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಮಾತ್ರೆ ಮುಂದುವರಿಸುತ್ತಾ ಮನೆಯಲ್ಲಿ ಕಾಯದೆ ಕೂಡಲೇ ಬರಬೇಕೆಂಬುದನ್ನು ಬರೆದೇ ತಿಳಿಸಬೇಕು.

ಔಷಧಿ ಸಿಗುವುದೇ ಎಂಬ ಪ್ರಶ್ನೆಯೂ ಇದೇ ತಪಾಸಣೆಗೆ ಸೇರಿದ್ದು. ತುಮರಿಯಲ್ಲೋ ಕೋಣಂದೂರಿನಲ್ಲೋ ಸಿಗದ ಔಷಧಿಯನ್ನು ಬರೆದುಕೊಟ್ಟರೆ ಮೊದಲ ಶೀಟು ಮುಗಿದ ದಿನ ಚಿಕಿತ್ಸೆಯೂ ಮುಗಿಯುತ್ತದೆ. ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರಾದ್ದರಿಂದ, ವೈದ್ಯಕೀಯವಾಗಿ ಅಡ್ಡಿಯಿಲ್ಲದಿದ್ದರೆ ಅಲ್ಲಿ ದೊರೆಯುವುದನ್ನೇ ಆರಿಸಿ. ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಡಿ ಚಿಕಿತ್ಸೆ ಪಡೆದವರಿಗೆ ಬಿಡುಗಡೆಯ ನಂತರದ 15 ದಿನಗಳ ಔಷಧಿ ಆ ಪ್ಯಾಕೇಜಿನಲ್ಲೇ ಸೇರಿದೆ. ಇದನ್ನು ತಿಳಿಯದೆ ಮನೆಯವರು ಸಾಲ ಮಾಡಿ ಔಷಧಿ ಕೊಳ್ಳುವುದನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ.

## ಹಂತ 6: ಔಷಧಿಯನ್ನು ಕೈಗೆ ಕೊಡುವುದು

ರೋಗಿಯ ಮನೆಯ ಚೀಲವನ್ನೂ ಹೊಸ ಔಷಧಿಗಳನ್ನೂ ಒಂದೇ ಮೇಜಿನ ಮೇಲೆ ಸುರಿಯಿರಿ. ಮುಂದುವರಿಯುವವನ್ನೂ ಹೊಸದನ್ನೂ ಒಂದು ಕವರಿಗೆ, ನಿಲ್ಲಿಸಿದವನ್ನು ಇನ್ನೊಂದು ಕವರಿಗೆ ಹಾಕಿ, ಎರಡನೆಯದರ ಮೇಲೆ ಕೆಂಪು ಮಾರ್ಕರಿನಲ್ಲಿ ದೊಡ್ಡ ಅಡ್ಡಗೆರೆ ಎಳೆಯಿರಿ. ರೋಗಿ ಒಪ್ಪಿದರೆ ನಿಲ್ಲಿಸಿದವನ್ನು ಆಸ್ಪತ್ರೆಯಲ್ಲೇ ಬಿಟ್ಟುಹೋಗಲಿ. ಅವು ಅವರ ಹಣದ ವಸ್ತು, ಒಪ್ಪಿಗೆಯಿಲ್ಲದೆ ಇಟ್ಟುಕೊಳ್ಳಬಾರದು.

ಶೀಟನ್ನು ಕತ್ತರಿಸಿ ಕೊಡುವಾಗ ಹೆಸರು ಮತ್ತು ಅವಧಿ ಮುಗಿಯುವ ತಿಂಗಳು ಇರುವ ತುದಿ ರೋಗಿಯ ಪಾಲಿಗೆ ಹೋಗಲಿ. ಮಾತ್ರೆಗಳನ್ನು ಬಿಡಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡಬೇಡಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಅವು ಕೆಲವೇ ದಿನಗಳಲ್ಲಿ ಮೆತ್ತಗಾಗುತ್ತವೆ.

ಇನ್ಸುಲಿನ್ ಕೊಡುವಾಗ ಸೀಸೆ ಮತ್ತು ಸಿರಿಂಜು ಹೊಂದುತ್ತವೆಯೇ ಎಂಬುದನ್ನು ಕಣ್ಣಾರೆ ನೋಡಬೇಕು. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನ ಸೀಸೆಗಳಿವೆ, 100 ಯೂನಿಟ್‌ನವೂ ಇವೆ. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಇದರ ಉಲ್ಟಾ ಆದರೆ 10ರ ಬದಲು 4 ಮಾತ್ರ. ತೆರೆಯದ ಸೀಸೆ ಫ್ರಿಜ್ಜಿನಲ್ಲಿರಬೇಕು, ಐಸ್ ಆಗುವ ಮೇಲಿನ ಖಾನೆಯಲ್ಲಿ ಇಡಬಾರದು. ಬಳಸುತ್ತಿರುವ ಸೀಸೆಯನ್ನು ಮನೆಯ ತಂಪು ಜಾಗದಲ್ಲಿ ಸುಮಾರು 4 ವಾರ ಇಡಬಹುದು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಮನೆಗಳಿಗೆ ಇದು ಸಮಾಧಾನದ ಸಂಗತಿ, ಆದರೆ ಒಲೆಯ ಗೂಡು ತಂಪು ಜಾಗವಲ್ಲವೆಂದು ಹೇಳಿ, ಸೀಸೆ ತೆರೆದ ದಿನಾಂಕವನ್ನು ಅದರ ಮೇಲೆ ಬರೆದುಕೊಡಿ.

## ಹಂತ 7: ಹೇಳಿ ಮುಗಿಸದೆ, ಅವರಿಂದ ಹೇಳಿಸುವುದು

ಮನೆಯಲ್ಲಿ ಔಷಧಿ ಕೊಡುವವರು ಯಾರೆಂದು ಮೊದಲು ಕೇಳಿ. ವಾರ್ಡಿನಲ್ಲಿ ಜೊತೆಗಿದ್ದ ಮಗ ಬೆಂಗಳೂರಿಗೆ ಹಿಂದಿರುಗುವವನಾಗಿರುತ್ತಾನೆ, ಮಾತ್ರೆ ಕೊಡುವವರು ಮನೆಯಲ್ಲಿ ಉಳಿದ ಸೊಸೆಯಾಗಿರುತ್ತಾರೆ. ಅವರು ಬರಲಾಗದಿದ್ದರೆ ಫೋನಿನಲ್ಲಾದರೂ ಅವರೊಡನೆ ಮಾತಾಡಬೇಕು.

"ಅರ್ಥ ಆಯ್ತಾ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಡಾಕ್ಟರರ ಎದುರು ಇಲ್ಲವೆನ್ನುವುದು ಮರ್ಯಾದೆಯಲ್ಲ ಎಂಬ ಸಂಕೋಚ. ಹೀಗೆ ಕೇಳಿ ನೋಡಿ: "ಅಮ್ಮಾ, ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ನಾಳೆ ಬೆಳಿಗ್ಗೆ ಎದ್ದ ಮೇಲೆ ಯಾವ್ಯಾವ ಮಾತ್ರೆ ತಗೊಳ್ತೀರಿ, ಈ ಕವರಿನಿಂದ ತೆಗೆದು ತೋರಿಸಿ." ಅವರ ಕೈ ಯಾವ ಶೀಟಿಗೆ ಹೋಗುತ್ತದೆಂಬುದನ್ನು ನೋಡಿ. ಎರಡನೆಯ ಪ್ರಶ್ನೆ ಕೆಂಪು ಗೆರೆಯ ಕವರಿನದು: "ಇದು ಮನೆಯಲ್ಲಿ ಇನ್ನೂ ಇದೆಯಲ್ಲ, ಅದನ್ನೇನು ಮಾಡ್ತೀರಿ?" ಮೂರನೆಯದು ಊಟದ್ದು. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಂಡು, ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ತಿಂಡಿ ಬಿಟ್ಟರೆ ಸಕ್ಕರೆ ಇಳಿಯುತ್ತದೆ. ಬೆವರು, ನಡುಕ, ಕಣ್ಣು ಮಂಜಾದರೆ ಬೆಲ್ಲವೋ ಸಕ್ಕರೆಯೋ ತಕ್ಷಣ ಬಾಯಿಗೆ ಹಾಕಿಕೊಳ್ಳಬೇಕು ಎಂಬುದನ್ನು ಅವರ ಬಾಯಿಂದಲೇ ಹೇಳಿಸಬೇಕು. ತಪ್ಪು ಹೇಳಿದರೆ ಇನ್ನೊಮ್ಮೆ ವಿವರಿಸಿ, ಇನ್ನೊಮ್ಮೆ ಕೇಳಿ.

ಓದು ಬಾರದವರಿಗೆ ಕವರಿನ ಮೇಲೆ ಬೆಳಗಿಗೆ ಸೂರ್ಯ, ರಾತ್ರಿಗೆ ಚಂದ್ರನ ಚಿತ್ರ ಬರೆದು, ಎಷ್ಟು ಮಾತ್ರೆಯೋ ಅಷ್ಟು ಚುಕ್ಕಿ ಇಟ್ಟುಕೊಡಿ.

## ಹಂತ 8: ಊರಿನ ಆರೋಗ್ಯ ಕೇಂದ್ರಕ್ಕೆ ಸುದ್ದಿ, ಮೂರನೆಯ ದಿನ ಫೋನ್

ಬದಲಾದ ಔಷಧಿಗಳ ಪಟ್ಟಿಯ ಒಂದು ಪ್ರತಿ ರೋಗಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಥವಾ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ಅಂದೇ ತಲುಪಬೇಕು. ಅಲ್ಲಿ ಪ್ರತಿ ತಿಂಗಳು ಹಳೆಯ ದಾಖಲೆ ನೋಡಿ ಮಾತ್ರೆ ಕೊಡುತ್ತಾರೆ. ನೀವು ನಿಲ್ಲಿಸಿದ್ದು ಅವರಿಗೆ ತಿಳಿಯದಿದ್ದರೆ ಅದೇ ಔಷಧಿ ಮುಂದಿನ ತಿಂಗಳು ಮತ್ತೆ ರೋಗಿಯ ಕೈಸೇರುತ್ತದೆ.

ಮನೆಗೆ ಹೋದ ಮೂರನೆಯ ದಿನ ವಾರ್ಡಿನಿಂದ ಫೋನ್ ಹೋಗಲಿ. ಎಲ್ಲರಿಗೂ ಮಾಡಲಾಗದಿದ್ದರೆ ಇನ್ಸುಲಿನ್, ರಕ್ತ ತೆಳುವಾಗಿಸುವ ಔಷಧಿ, ಮೂರ್ಛೆರೋಗದ ಮಾತ್ರೆ, ಇಳಿಸುತ್ತಾ ಹೋಗುವ ಸ್ಟೀರಾಯ್ಡ್ ಇರುವವರಿಗೆ ಮತ್ತು ಒಬ್ಬರೇ ಇರುವ ವೃದ್ಧರಿಗೆ ಮೊದಲು ಮಾಡಿ. ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇವೆ ಎಂದೇ ಉತ್ತರ ಬರುತ್ತದೆ. ಕವರನ್ನು ತರಿಸಿ, ಇವತ್ತು ಬೆಳಿಗ್ಗೆ ತೆಗೆದುಕೊಂಡ ಶೀಟಿನ ಹೆಸರು ಓದಲು ಹೇಳಿ, ಅದರಲ್ಲಿ ಎಷ್ಟು ಮಾತ್ರೆ ಉಳಿದಿವೆ ಎಂದು ಎಣಿಸಲು ಹೇಳಿ. ಉಳಿದ ಸಂಖ್ಯೆ ಲೆಕ್ಕಕ್ಕೆ ಹೊಂದದಿದ್ದರೆ ಅಲ್ಲಿಯೇ ತಪ್ಪು ಸಿಗುತ್ತದೆ. ಫೋನ್ ಹತ್ತದ ಊರಾದರೆ ಅಲ್ಲಿನ ಆಶಾ ಕಾರ್ಯಕರ್ತೆಗೆ ಇದೇ ಎರಡು ಕೆಲಸಗಳನ್ನು ಒಪ್ಪಿಸಿ.

## ಹಂತ 9: ತಿಂಗಳಿಗೆ 20 ಚೀಟಿ

ತಿಂಗಳ ಕೊನೆಯಲ್ಲಿ ಯಾವುದಾದರೂ 20 ಕೇಸ್ ಶೀಟುಗಳನ್ನು ಎತ್ತಿ ನಾಲ್ಕನ್ನು ಮಾತ್ರ ಎಣಿಸಿ: ಮನೆಯ ಮದ್ದಿನ ಪಟ್ಟಿ 24 ಗಂಟೆಯೊಳಗೆ ಆಗಿದೆಯೇ, ಎಲ್ಲ ಸಾಲಿಗೂ ತೀರ್ಮಾನವಿದೆಯೇ, "ತೆಗೆದುಕೊಳ್ಳಬೇಡಿ" ಚೌಕ ತುಂಬಿದೆಯೇ, ತೀರ್ಮಾನ ಬರೆದ ಸಮಯ ಬಿಲ್ಲಿನ ಸಮಯಕ್ಕಿಂತ ಮೊದಲಿನದೇ. ಕೊನೆಯ ಎಣಿಕೆಯನ್ನು ಬಿಡಬೇಡಿ. ನಮೂನೆಗಳೆಲ್ಲ ತುಂಬಿದ್ದೂ ರೋಗಿಗಳು ಮರಳುತ್ತಿರುವ ವಾರ್ಡಿನಲ್ಲಿ ಹೆಚ್ಚಾಗಿ ಬಯಲಾಗುವುದು ಬಿಲ್ಲಾದ ಮೇಲೆ ಹಾಕಿದ ಸಹಿಗಳು.

ಈ ಎಣಿಕೆಯನ್ನು ತಪ್ಪಿತಸ್ಥರ ಪಟ್ಟಿಯಾಗಿ ಮಾಡಿದರೆ ಮುಂದಿನ ತಿಂಗಳು ಎಲ್ಲ ಚೌಕಗಳೂ ತುಂಬಿರುತ್ತವೆ, ಆದರೆ ರೋಗಿಯ ಚೀಲ ಬಿಚ್ಚದೆಯೇ ತುಂಬಿರುತ್ತವೆ. ವ್ಯಕ್ತಿಗಳ ಹೆಸರಿಲ್ಲದೆ ಸಂಖ್ಯೆಗಳನ್ನು ಮಾತ್ರ ವಾರ್ಡಿನ ಗೋಡೆಗೆ ಹಾಕಿ, ಮೂರನೆಯ ದಿನದ ಫೋನಿನಲ್ಲಿ ಸಿಕ್ಕ ತಪ್ಪುಗಳನ್ನು ಅದರ ಕೆಳಗೆ ಬರೆಯಿರಿ. ಒಂದೇ ಔಷಧಿಯ ಹೆಸರು ಮೂರು ಬಾರಿ ಕಂಡರೆ ಆ ಔಷಧಿಗೆ ಪ್ರತ್ಯೇಕವಾದ ಕನ್ನಡ ಚೀಟಿಯನ್ನು ಅಚ್ಚು ಹಾಕಿಸಿ. ಈ ಕ್ರಮವನ್ನು ಇಡೀ ಆಸ್ಪತ್ರೆಯಲ್ಲಿ ಒಮ್ಮೆಲೇ ತರಬೇಡಿ. ಮನೆಯಿಂದ ಹೆಚ್ಚು ಔಷಧಿ ಹೊತ್ತು ಬರುವವರು ಇರುವ ಮೆಡಿಸಿನ್ ವಾರ್ಡೊಂದರಲ್ಲಿ ಶುರು ಮಾಡಿ, ನಾಲ್ಕು ಎಣಿಕೆಗಳೂ ಸತತ ಮೂರು ತಿಂಗಳು 20ಕ್ಕೆ 18ರ ಮೇಲೆ ನಿಂತ ಬಳಿಕ ಪಕ್ಕದ ವಾರ್ಡಿಗೆ, ಅಲ್ಲಿ ಕೆಲಸ ಕಲಿತ ಒಬ್ಬ ನರ್ಸ್ ಸಮೇತ, ಒಯ್ಯಿರಿ.